ಹಾಡು ರೆಕಾರ್ಡ್ ಮಾಡಲು ಕಂಪ್ಯೂಟರ್ ಕೇಳಿದರೆ ಗೇಮಿಂಗ್ ಪೆಟ್ಟಿಗೆ: ತಪ್ಪು ಸಲಹೆಯ ನಷ್ಟ ಯಾರ ತಲೆಗೆ?

ಗರಗ: ಭಜನಾ ಪದ, ಜಾನಪದ ಗೀತೆಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋದು ನಮ್ಮ ಭಾಗದ ಹಳ್ಳಿಗಳಲ್ಲಿ ಈಗ ಹೊಸದೇನಲ್ಲ. ಅದಕ್ಕೆ ಕಂಪ್ಯೂಟರ್ ಬೇಕು ಅಂತ ಹುಬ್ಬಳ್ಳಿ-ಧಾರವಾಡದ ಅಂಗಡಿಗೆ ಹೋದವರಿಗೆ ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಆದರೆ ಗತಿ ಏನು? ಕಾನೂನು ಗಿರಾಕಿಯ ಪರವಾಗಿದೆ. ಆದರೆ ಯಾವ ಕೆಲಸಕ್ಕೆ ಬೇಕು ಅನ್ನೋದನ್ನು ಕೊಳ್ಳುವ ಮೊದಲೇ ಹೇಳಿರಬೇಕು.

ತಪ್ಪು ಆಗೋದು ಎಲ್ಲಿ?

ಎಲ್ಲ ಅಂಗಡಿಯವರೂ ಮೋಸ ಮಾಡ್ತಾರೆ ಅಂತಲ್ಲ. ಸ್ಟಾಕ್‌ನಲ್ಲಿ ಇರೋದನ್ನೇ ತೋರಿಸೋದು ವ್ಯಾಪಾರದ ರೂಢಿ. 'ಗೇಮಿಂಗ್ ಪಿಸಿ ಐತ್ರಿ, ಏನ್ ಹಾಕಿದ್ರೂ ಓಡ್ತೈತಿ' ಅನ್ನೋ ಮಾತಿಗೆ ಗಿರಾಕಿ ತಲೆಯಾಡಿಸುತ್ತಾನೆ. ಆದರೆ ಗೇಮಿಂಗ್ ಪಿಸಿಯ ದುಡ್ಡಿನಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ಹಾಡಿನ ಕೆಲಸಕ್ಕೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಭಾರವೆಲ್ಲ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ. ವಿಡಿಯೋ ಎಡಿಟಿಂಗ್ ಕೂಡ ಮಾಡೋರಾದರೆ ಮಾತು ಬೇರೆ. ಮೇಲಾಗಿ ಅದರ ಫ್ಯಾನ್‌ಗಳ ಸದ್ದು ಸೀದಾ ಮೈಕಿಗೆ ಹೋಗುತ್ತದೆ.

ನಿಜವಾಗಿ ಕಾಡೋದು ವಿಳಂಬ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಬಫರ್ 256 ಇದ್ದರೆ ದನಿ ಸುಮಾರು 6 ಮಿಲಿಸೆಕೆಂಡ್ ತಡ, 1,024 ಇದ್ದರೆ ಸುಮಾರು 23. ಅಂದರೆ 8 ಮೀಟರ್ ದೂರ ಕೂತವರ ತಬಲಾ ಕೇಳಿ ತಾಳ ಹಿಡಿದಂತೆ. ದನಿ ಒಳಗೆ ಹೋಗಿ ಹೊರಗೆ ಬರುವಾಗ ಇದು ದುಪ್ಪಟ್ಟಾಗುತ್ತದೆ. ಇದಕ್ಕೆ ಮದ್ದು ಗ್ರಾಫಿಕ್ಸ್ ಕಾರ್ಡ್ ಅಲ್ಲ. ಆಡಿಯೋ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆ ಮತ್ತು ಅದರ ಎಎಸ್‌ಐಒ ಡ್ರೈವರ್ ಬೇಕು. ಜತೆಗೆ ಎಸ್‌ಎಸ್‌ಡಿ ಇರಲಿ: 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ರೆಕಾರ್ಡಿಂಗ್ ಗಂಟೆಗೆ ಸುಮಾರು 1 ಜಿಬಿ ಜಾಗ ತಿನ್ನುತ್ತದೆ.

ಹಳೇ ಮಷಿನ್ ತಗೋಳೋರು ಇನ್ನೊಂದು ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಹಾಕಲು ಟಿಪಿಎಂ 2.0 ಬೇಕು.

ಕಾನೂನು ಏನನ್ನುತ್ತದೆ?

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ನೇರವಾಗಿದೆ. ಗಿರಾಕಿ ಉದ್ದೇಶ ತಿಳಿಸಿ, ಅಂಗಡಿಯವರ ತಿಳಿವಳಿಕೆ ನಂಬಿ ಕೊಂಡರೆ, ಮಾಲು ಆ ಕೆಲಸಕ್ಕೆ ತಕ್ಕಂತೆ ಇರಬೇಕು. ಗಿರಾಕಿಯೇ 'ಇಂಥ ಬ್ರ್ಯಾಂಡ್, ಇಂಥ ಮಾಡೆಲ್ಲೇ ಕೊಡ್ರಿ' ಅಂದರೆ ಈ ರಕ್ಷಣೆ ಸಿಗೋದಿಲ್ಲ. ಹೀಗಾಗಿ ಅಂಗಡಿಯಲ್ಲಿ ಮಾಡೆಲ್ ಹೆಸರಿಗಿಂತ ಕೆಲಸದ ಹೆಸರು ಹೇಳೋದೇ ಲಾಭ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಿ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೂ ಅದು 'ದೋಷ'ವೇ. ಬಿಲ್ ಕೊಡದಿರೋದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ, ದೋಷದ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳಲು ನಿರಾಕರಿಸೋದೂ ಅಷ್ಟೇ. ಹಾಡಿ ಹೊಟ್ಟೆ ಹೊರೆಯುವವರು ಸ್ವಯಂ ಉದ್ಯೋಗಕ್ಕಾಗಿ ಕೊಂಡರೆ ಅವರೂ 'ಗ್ರಾಹಕ'ರೇ.

ಬಾಯಿಮಾತನ್ನು ಸಾಬೀತು ಮಾಡೋದು ಮಾತ್ರ ಕಷ್ಟ. ಅದಕ್ಕೇ ಕಾಗದ ಬೇಕು.

ಅಂಗಡಿಯವರಿಗೂ ಲಾಭವೇ

ಗರಗದ ಮಂದಿಗೆ ಅಳತೆಯ ಮಾತು ಹೊಸದಲ್ಲ. ಇಲ್ಲಿ ನೇಯುವ ರಾಷ್ಟ್ರಧ್ವಜದ ಖಾದಿಗೆ ಗೊತ್ತುಪಡಿಸಿದ ಮಾನದಂಡ ಇದೆ, ಖಾದಿ ಅಂದ ಮಾತ್ರಕ್ಕೆ ಯಾವುದೋ ಬಟ್ಟೆ ನಡೆಯೋದಿಲ್ಲ. ಕಂಪ್ಯೂಟರ್ ವ್ಯಾಪಾರಕ್ಕೂ ಅದೇ ಮಾತು ಹೊಂದುತ್ತದೆ. 'ಸಂಗೀತ ರೆಕಾರ್ಡಿಂಗ್‌ಗೆ' ಅಂತ ಕೊಟೇಶನ್‌ನಲ್ಲೇ ಬರೆದುಕೊಟ್ಟರೆ ಮುಂದೆ ಜಗಳ ಕಡಿಮೆ. ಗೊತ್ತಿಲ್ಲದ ಕೆಲಸಕ್ಕೆ 'ಗೊತ್ತಿಲ್ರಿ, ಕೇಳಿ ಹೇಳ್ತೀವಿ' ಅನ್ನೋ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ.

ಕೊಳ್ಳುವವರು ಮಾಡಬೇಕಾದ್ದು

* ಕೆಲಸ ಏನು, ಒಮ್ಮೆಗೆ ಎಷ್ಟು ಮೈಕ್, ಯಾವ ಸಾಫ್ಟ್‌ವೇರ್ ಅಂತ ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಉತ್ತರವನ್ನು ಅಳಿಸಬೇಡಿ.
* ಬಿಲ್ಲಿನಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಹೆಸರು ಮತ್ತು ಬಳಕೆಯ ಉದ್ದೇಶ ಬರೆಸಿ.
* ದುಡ್ಡು ಕೊಡುವ ಮೊದಲು ಮೈಕ್ ಹಚ್ಚಿ, ಒಂದು ಪದ ಹಾಡಿ, ಕೇಳಿ ನೋಡಿ.
* ತೊಂದರೆ ಆದರೆ ಮೊದಲು ಅಂಗಡಿಗೆ ಲಿಖಿತವಾಗಿ ತಿಳಿಸಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
* ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂ.ವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ 2 ವರ್ಷದೊಳಗೆ ದೂರು ಕೊಡಬೇಕು.