ಹಲ್ಲಿದ್ದಾಗಲೇ ಒಂದು ಮಾತು

ಹೋದ ತಿಂಗಳು ನಮ್ಮೂರು ತ್ಯಾಮಗೊಂಡ್ಲಿಗೆ ಹೋಗಿದ್ದೆ. ಬಸ್ಸಿಳಿಯುವಾಗ, ಸೆರಗಿನಿಂದ ದವಡೆ ಒತ್ತಿಹಿಡಿದ ಹೆಂಗಸೊಬ್ಬರು ನನ್ನ ಹಿಂದೆಯೇ ಇಳಿದರು. ಹಿಂದೆ ನಮ್ಮ ಹೊಲದಲ್ಲಿ ಕಳೆ ಕೀಳಲು ಬರುತ್ತಿದ್ದವರು.

"ಏನಕ್ಕ, ಹಲ್ಲುನೋವೆ?" ಎಂದೆ.

"ನೋವೂ ಹೋಯ್ತು ಸ್ವಾಮಿ, ಹಲ್ಲೂ ಹೋಯ್ತು" ಎಂದರು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿದ್ದರಂತೆ. ಹಲ್ಲು ಉಳಿಸಬಹುದು, ನಾಲ್ಕು ಸಲ ಬರಬೇಕು ಎಂದರಂತೆ ಡಾಕ್ಟರು. "ನಾಕು ದಿನದ ಕೂಲಿ ಯಾರು ಕೊಡ್ತಾರೆ? ಕಿತ್ತಾಕ್ಬುಡಿ ಅಂದೆ."

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ತಪ್ಪು ಆ ಡಾಕ್ಟರದಲ್ಲ. ಬಸ್ಸಿನದೂ ಅಲ್ಲ, 2023ರ ಜೂನ್‌ನಲ್ಲಿ ಸರ್ಕಾರ ಹೆಂಗಸರಿಗೆ ಬಸ್ಸನ್ನು ಪುಕ್ಕಟೆ ಮಾಡಿತು. ಪುಕ್ಕಟೆಯಾಗದಿರುವುದು ಬಡವರ ಹಗಲು. ಹಲ್ಲು ಕೀಳಲು ಒಂದು ಹಗಲು ಸಾಕು, ಉಳಿಸಲು ನಾಲ್ಕು ಬೇಕು. ಹೀಗಿರುವಾಗ 'ಉಚಿತ ಚಿಕಿತ್ಸೆ' ಎಂಬ ಫಲಕದ ಅರ್ಥ, ಬಡವರ ಪಾಲಿಗೆ, 'ಉಚಿತವಾಗಿ ಕೀಳಲಾಗುವುದು' ಎಂದೇ ಆಗುತ್ತದೆ.

ಈ ಮಾತನ್ನು ಬೆಂಗಳೂರಿನ ಮಿತ್ರರೊಬ್ಬರ ಮುಂದೆ ಹೇಳಿದೆ. ಅವರು ನಕ್ಕು, "ಮುದ್ದೆ ನುಂಗುವ ಸೀಮೆ, ಹಲ್ಲಿನ ಚಿಂತೆ ಏಕಯ್ಯಾ?" ಎಂದರು. ಮುದ್ದೆಯನ್ನೇನೋ ನುಂಗಬಹುದು, ಹುರುಳಿಕಾಳನ್ನು ನುಂಗಲಾದೀತೆ? ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವನ್ನು ನುಂಗಬೇಕೆ? ಈ ಮಿತ್ರರಿಗೇ ಹೋದ ವರ್ಷ ಒಂದು ಹಲ್ಲು ಜುಮ್ಮೆಂದಾಗ, ಬೀದಿಯ ತುದಿಯಲ್ಲಿದ್ದ ದಂತವೈದ್ಯರಲ್ಲಿಗೆ ಸಂಜೆಯೊಳಗೆ ಓಡಿದ್ದರು.

ನಮ್ಮಲ್ಲಿ ದಂತವೈದ್ಯರಿಗೆ ಬರವೆಂದು ಯಾರೂ ಹೇಳಲಾರರು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ ಹುಟ್ಟಿತು. ಇಂದು ರಾಜ್ಯದಲ್ಲಿ ಅಂಥ ಕಾಲೇಜುಗಳು, ಬಹುಪಾಲು ಖಾಸಗಿಯವು, 40ರ ಆಸುಪಾಸಿನಲ್ಲಿವೆ. 2014ರಲ್ಲಿ ಸರ್ಕಾರ 'ದಂತ ಭಾಗ್ಯ'ವೆಂದು, ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡುವ ಯೋಜನೆ ತಂದಿತು. ಒಳ್ಳೆಯದೇ. ಆದರೆ ಕೃತಕ ದಂತಕ್ಕೆ ಇಷ್ಟು ಕರುಣೆ ತೋರಿದವರು, ದೇವರು ಕೊಟ್ಟ ಹಲ್ಲು ಬಾಯಲ್ಲಿದ್ದಾಗ ಎಲ್ಲಿದ್ದರು? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನೇ ಆಡಳಿತದ ಸೂತ್ರ ಮಾಡಿಕೊಂಡಂತಿದೆ.

ಹಲ್ಲು ಕ್ಷುಲ್ಲಕ ವಿಷಯವೆನ್ನುವವರು ಇಂಗ್ಲೆಂಡಿನ ಕಡೆ ನೋಡಲಿ. ಅಲ್ಲಿ 1948ರಲ್ಲಿ ಸರ್ವರಿಗೂ ಉಚಿತ ವೈದ್ಯಸೇವೆ ತಂದ ಅನ್ಯೂರಿನ್ ಬೆವನ್, 1951ರಲ್ಲಿ ತಮ್ಮದೇ ಸರ್ಕಾರ ಕಟ್ಟಿಸಿಕೊಳ್ಳುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸ ಹೊರಟಾಗ, ಮಂತ್ರಿಪದವಿಯನ್ನೇ ಬಿಟ್ಟು ನಡೆದರು. ಹಲ್ಲಿಗಾಗಿ ಕುರ್ಚಿ ಬಿಟ್ಟವರೂ ಇದ್ದಾರೆ!

ನಮ್ಮ ಮಂತ್ರಿಗಳು ಕುರ್ಚಿ ಬಿಡುವುದು ಬೇಡ. ಇನ್ನೊಂದು ಕುರ್ಚಿಯನ್ನು ಹೋಬಳಿಗೆ ಕಳುಹಿಸಿದರೆ ಸಾಕು. ತ್ಯಾಮಗೊಂಡ್ಲಿನಂಥ ಪ್ರತಿ ಹೋಬಳಿಯಲ್ಲೂ ವಾರಕ್ಕೊಂದು ಗೊತ್ತಾದ ದಿನ, ಕೂಲಿಯವರು ಹೊಲದಿಂದ ಮರಳುವ ಸಂಜೆಯ ಹೊತ್ತಿಗೆ, ದಂತವೈದ್ಯರೊಬ್ಬರು ಕುಳಿತಿರಲಿ. ಕಾಲೇಜುಗಳ ತರಬೇತಿ ವೈದ್ಯರು ಸರದಿಯಂತೆ ಬರಲಿ. ಹುಳುಕು ಚಿಕ್ಕದಿದ್ದಾಗಲೇ ಕಂಡರೆ, ಕೈಯ ಉಪಕರಣದಿಂದ ಕೆರೆದು ತುಂಬಿಬಿಡಬಹುದು. ವಿದ್ಯುತ್ ಯಂತ್ರವಿಲ್ಲದೆ ಹಾಗೆ ಮಾಡುವ ಕ್ರಮವನ್ನು 1980ರ ದಶಕದಲ್ಲೇ ಟಾಂಜಾನಿಯಾದಲ್ಲಿ ರೂಢಿಸಿದರು. ಹಾಗೆ ತುಂಬುವ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿದೆ. ಬಡ ದೇಶವೊಂದು ಕಂಡುಕೊಂಡ ದಾರಿ ನಮಗೆ ಅಸಾಧ್ಯವೆಂದರೆ ಯಾರು ನಂಬುತ್ತಾರೆ?

ಬೀಳ್ಕೊಡುವಾಗ ಆ ಅಕ್ಕ ಹೇಳಿದರು: "ಪಕ್ಕದ್ದೂ ಅಳ್ಳಾಡ್ತೈತೆ ಸ್ವಾಮಿ. ಸುಗ್ಗಿ ಮುಗಿದ್ಮೇಲೆ ಅದನ್ನೂ ಕೀಳಿಸ್ತೀನಿ."

ಸುಗ್ಗಿ ಮುಗಿಯುವ ಮೊದಲೇ ಯಾರಾದರೂ ಅಲ್ಲಿಗೆ ಹೋಗಬೇಕು. ಆ ಹಲ್ಲಿಗೆ ಅಷ್ಟೇ ಕಾಲಾವಕಾಶವಿದೆ.