ಎಣ್ಣೆ ಮತ್ತು ಅನಿಲದ ಮೇಲೆ ನಿಂತ ಕಾರು

ಕಾರು ಓಡುವುದು ಎಂಜಿನ್ನಿನ ಬಲದಿಂದ. ಆದರೆ ಒಳಗೆ ಕುಳಿತವರ ಬೆನ್ನು ಉಳಿಯುವುದು ಚಕ್ರಕ್ಕೂ ಕಾರಿನ ಮೈಗೂ ನಡುವೆ ಅಡಗಿರುವ ಸಾಧನದಿಂದ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಈ ಮಾತು ಯಾರಿಗೂ ನೆನಪಾಗುವುದಿಲ್ಲ. ತಳಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಕಡೆಯ ಹಳ್ಳಿದಾರಿಗೆ ತಿರುಗಿದೊಡನೆ ಎಲ್ಲರಿಗೂ ನೆನಪಾಗುತ್ತದೆ. ಮೆಕ್ಯಾನಿಕರು ಈ ಸಾಧನವನ್ನು ಸಸ್ಪೆನ್ಷನ್ ಎನ್ನುತ್ತಾರೆ. ಹಳೆಯ ಅಂಬಾಸಿಡರಿನ ಹಿಂಬದಿಯಲ್ಲಿ ಅದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ರೂಪದಲ್ಲಿತ್ತು. ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗಿನ ರೂಪದಲ್ಲಿದೆ. ಇವೆರಡನ್ನೂ ಬಿಟ್ಟು ಎಣ್ಣೆ ಮತ್ತು ಅನಿಲದ ಮೇಲೆಯೇ ಕಾರನ್ನು ನಿಲ್ಲಿಸುವ ವಿಧಾನವೊಂದುಂಟು. ಅಂಥ ಹಳೆಯ ಕಾರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಈ ತಿಂಗಳು ವಿವರಿಸಬೇಕೆಂದಿದ್ದೇವೆ.

ನಮ್ಮ ಸೀಮೆಯಲ್ಲಿ ಇಂಥ ಕಾರು ತೀರ ವಿರಳವೆಂಬುದನ್ನು ಬಲ್ಲೆವು. ಆದರೂ ಯೂರೋಪಿನಲ್ಲಿ ನೌಕರಿಯಲ್ಲಿರುವ ನಮ್ಮ ತರುಣರು ಅಗ್ಗಕ್ಕೆ ಸಿಕ್ಕಿತೆಂದು ಹಳೆಯದೊಂದನ್ನು ಕೊಳ್ಳುವ ಸಂಭವವುಂಟು. ಅದೂ ಅಲ್ಲದೆ, ಈ ವಿಧಾನವನ್ನು ಬೆಳಕಿಗೆ ತಂದ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯು ನಮ್ಮ ಊರಿಗೆ ಈಗ ಅಪರಿಚಿತವಲ್ಲ. ಅದರ ಕಾರುಗಳಿಗೆ ಬೇಕಾದ ಗೇರ್‌ಬಾಕ್ಸ್ ಮತ್ತು ಎಂಜಿನ್ನುಗಳ ಕಾರ್ಖಾನೆ ಹೊಸೂರಿಗೇ ಬಂದಿತು. ಷಾಕ್ ಅಬ್ಸಾರ್ಬರುಗಳನ್ನು ಮಾಡುವ ಗೇಬ್ರಿಯಲ್ ಕಾರ್ಖಾನೆಯೂ ಇಲ್ಲಿದೆ. ಎಣ್ಣೆಯಿಂದ ಕುಲುಕನ್ನು ತಡೆಯುವ ಕೆಲಸ ಬಲ್ಲ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ ಎಂದಾಯಿತು.

ಈ ವಿಧಾನವನ್ನು ರೂಪಿಸಿದವರು ಪಾಲ್ ಮಾಜೆಸ್ ಎಂಬ ಎಂಜಿನಿಯರು. 1954ರಲ್ಲಿ ಒಂದು ಕಾರಿನ ಹಿಂದಿನ ಚಕ್ರಗಳಿಗೆ ಮಾತ್ರ ಅಳವಡಿಸಿ ನೋಡಿದರು. ಮರುವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಡಿಎಸ್ ಎಂಬ ಕಾರು ನಾಲ್ಕು ಚಕ್ರಗಳಲ್ಲಿಯೂ ಇದನ್ನೇ ಹೊತ್ತು ಬಂದಿತು. ಅನಂತರ ಜಿಎಸ್, ಸಿಎಕ್ಸ್, ಬಿಎಕ್ಸ್, ಕ್ಸಾಂಟಿಯಾ ಮೊದಲಾದವುಗಳಲ್ಲಿ ಮುಂದುವರಿದು, 2017ರಲ್ಲಿ ಸಿ5 ಕಾರಿನ ತಯಾರಿಕೆ ನಿಂತಾಗ ಈ ಪರಂಪರೆ ಮುಗಿಯಿತು. 2021ರಲ್ಲಿ ಭಾರತಕ್ಕೆ ಬಂದ ಸಿ5 ಏರ್‌ಕ್ರಾಸ್ ಕಾರಿನಲ್ಲಿ ಇದ್ದುದು ಬೇರೆ ಬಗೆಯ ಎಣ್ಣೆಯ ಮೆತ್ತೆ. ಅದರಲ್ಲಿ ಅನಿಲದ ಗೋಳಗಳಿಲ್ಲ. ಆದರೆ ಎಣ್ಣೆ ಮತ್ತು ಅನಿಲದ ತತ್ತ್ವ ಅಳಿದಿಲ್ಲ. ಚೆನ್ನೈ ಬಳಿಯ ಆವಡಿಯಲ್ಲಿ ರೂಪುಗೊಂಡ ಅರ್ಜುನ್ ಟ್ಯಾಂಕು ಐವತ್ತು ಟನ್ನಿಗೂ ಮೀರಿದ ತನ್ನ ಭಾರವನ್ನು ಇದೇ ತತ್ತ್ವದ ಮೇಲೆ ಹೊರುತ್ತದೆ.

ಇದರ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿದರೆ ಒಳಗಿನ ಗಾಳಿ ಕುಗ್ಗಿ ಮತ್ತೆ ಹಿಂದಕ್ಕೆ ತಳ್ಳುವುದನ್ನು ಮಕ್ಕಳೂ ಬಲ್ಲರು. ಇಲ್ಲಿಯೂ ಅಷ್ಟೆ. ಪ್ರತಿ ಚಕ್ರಕ್ಕೂ ತೆಂಗಿನಕಾಯಿಯ ಗಾತ್ರದ ಒಂದೊಂದು ಉಕ್ಕಿನ ಗೋಳ. ಗೋಳದ ನಡುವೆ ರಬ್ಬರಿನ ಪೊರೆ. ಪೊರೆಯ ಒಂದು ಕಡೆ ಸಾರಜನಕ, ಇನ್ನೊಂದು ಕಡೆ ಎಣ್ಣೆ. ಚಕ್ರವು ಕಲ್ಲನ್ನೇರಿದಾಗ ಎಣ್ಣೆಯು ಪೊರೆಯನ್ನು ಒತ್ತುತ್ತದೆ, ಅನಿಲವು ಕುಗ್ಗಿ ಹಿಂದಕ್ಕೆ ತಳ್ಳುತ್ತದೆ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕವೇ ಹಾಯಬೇಕಾದುದರಿಂದ ಕುಲುಕು ಅಲ್ಲಿಯೇ ಅಡಗುತ್ತದೆ. ಎಂಜಿನ್ನಿನಿಂದ ನಡೆಯುವ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ. ಮನೆಮಂದಿಯೆಲ್ಲ ಹತ್ತಿ ಕುಳಿತರೂ ಕಾರು ಮೊದಲಿನ ಎತ್ತರಕ್ಕೇ ಏರಿ ನಿಲ್ಲುವುದು ಇದರ ವಿಶೇಷ.

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಮೊದಲನೆಯದು ಎಣ್ಣೆಯನ್ನು ಗುರುತಿಸುವುದು. ಆರಂಭದ ಕಾರುಗಳ ಎಣ್ಣೆ ಕೆಂಪು. ಅದು ತೇವವನ್ನು ಹೀರಿ ಕೊಳವೆಗಳಿಗೆ ತುಕ್ಕು ತರುತ್ತಿತ್ತು. ಆದುದರಿಂದ 1966ರಲ್ಲಿ ಎಲ್‌ಎಚ್‌ಎಂ ಎಂಬ ಹಸಿರು ಖನಿಜ ಎಣ್ಣೆ ಬಂದಿತು. 2001ರ ಸಿ5 ಕಾರಿಗೆ ಕಿತ್ತಳೆ ಬಣ್ಣದ ಎಲ್‌ಡಿಎಸ್ ಎಣ್ಣೆ. ಈ ಮೂರನ್ನೂ ಬೆರೆಸಬಾರದು. ಹಸಿರು ಎಣ್ಣೆಯ ಕಾರಿಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬ್ರೇಕ್ ಎಣ್ಣೆಯನ್ನು ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಕೆಡುತ್ತವೆ. ಅಂಗಡಿಯವರು ಎಲ್ಲವೂ ಒಂದೇ ಎಂದರೂ ನಂಬಬೇಡಿ. ಡಬ್ಬಿಯ ಮೇಲಿನ ಹೆಸರನ್ನು ನೀವೇ ಓದಿರಿ.

ಎರಡನೆಯದು ಮಟ್ಟ ನೋಡುವುದು. ಹಸಿರು ಎಣ್ಣೆಯ ಕಾರುಗಳಲ್ಲಿ ಎಂಜಿನ್ ನಡೆಯುತ್ತಿರುವಾಗ, ಎತ್ತರದ ಹಿಡಿಕೆಯನ್ನು ಕೊನೆಯ ಮೇಲಿನ ಸ್ಥಾನಕ್ಕೆ ಇಟ್ಟು ನೋಡಬೇಕು. ಕಾರು ಕುಸಿದು ನಿಂತಿರುವಾಗ ಎಣ್ಣೆಯು ತೊಟ್ಟಿಗೆ ಮರಳಿರುವುದರಿಂದ ಮಟ್ಟ ಹೆಚ್ಚಾಗಿ ಕಾಣುತ್ತದೆ. ಮೂರನೆಯದು ತೊಟ್ಟಿಯೊಳಗಿನ ಜಾಲರಿಗಳನ್ನು ತೆಗೆದು ಪೆಟ್ರೋಲಿನಲ್ಲಿ ತೊಳೆದು ಒಣಗಿಸುವುದು. ಇದನ್ನು ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ ಮಾಡಬೇಕು. ರಾಗಿಕಾಳಿನಷ್ಟು ಮರಳೂ ಒಳಗೆ ಹೋಗಕೂಡದು.

ನಾಲ್ಕನೆಯದು ಕಿವಿಯ ಕೆಲಸ. ಎಂಜಿನ್ ನಿಧಾನವಾಗಿ ನಡೆಯುತ್ತಿರುವಾಗ ಒತ್ತಡದ ನಿಯಂತ್ರಕವು ಆಗಾಗ ಟಿಕ್ಕೆಂದು ಸದ್ದು ಮಾಡುತ್ತದೆ. ಆ ಸದ್ದು ಕೆಲವೇ ಸೆಕೆಂಡುಗಳಿಗೊಮ್ಮೆ ಬರತೊಡಗಿದರೆ, ಒತ್ತಡವನ್ನು ಕೂಡಿಡುವ ಮುಖ್ಯ ಗೋಳದ ಅನಿಲ ತೀರುತ್ತ ಬಂದಿದೆ ಎಂದು ಸಂಶಯಪಡಬೇಕು. ಚಕ್ರದ ಗೋಳದಲ್ಲಿ ಅನಿಲ ಕಡಿಮೆಯಾದರೆ ಕಾರು ಮೆತ್ತಗಾಗುವುದಿಲ್ಲ. ಕೀಲೆಣ್ಣೆ ಕಾಣದ ಎತ್ತಿನ ಬಂಡಿಯಂತೆ ಗಡುಸಾಗಿ ಕುಕ್ಕುತ್ತದೆ. ರಬ್ಬರಿನ ಪೊರೆಯ ಮೂಲಕ ಅನಿಲವು ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ಸೋರುವುದು ಸಹಜ. ಆಗ ಗೋಳವನ್ನು ಬದಲಾಯಿಸಬೇಕು, ಇಲ್ಲವೆ ಮತ್ತೆ ತುಂಬಿಸಬೇಕು.

ಕೈ ಹಾಕಬಾರದ ಕೆಲಸಗಳು ಇಲ್ಲಿಂದ ಮುಂದೆ ಬರುತ್ತವೆ. ಕಾರಿನ ಟೈರಿಗೆ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಒತ್ತಡವಿದ್ದರೆ, ಈ ಯಂತ್ರದ ಎಣ್ಣೆಯಲ್ಲಿ 2,000 ಪೌಂಡಿಗೂ ಮೇಲಿರುತ್ತದೆ. ಟೈರಿನ ಅಂಗಡಿಗಳಲ್ಲಿ ಸಾರಜನಕ ಹಾಕುತ್ತಾರೆಂದು ಗೋಳವನ್ನು ಅಲ್ಲಿಗೆ ಒಯ್ಯಬಾರದು. ಅದಕ್ಕೆ ತಕ್ಕ ಒತ್ತಡವೂ ಜೋಡಣೆಯೂ ಅಲ್ಲಿರುವುದಿಲ್ಲ. ಸೋರುವ ಕೊಳವೆಯನ್ನು ಬೆರಳಿನಿಂದ ತಡವಿ ಹುಡುಕಬಾರದು. ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುತ್ತದೆ; ಗಾಯ ಚಿಕ್ಕದಾಗಿ ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗಬೇಕಾದುದು. ರಟ್ಟಿನ ತುಂಡನ್ನು ಹಿಡಿದು ನೋಡುವುದೇ ಕ್ಷೇಮ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಮತ್ತೊಂದಿದೆ. ಈ ಕಾರು ತಾನಾಗಿಯೇ ಎತ್ತರಕ್ಕೆ ಏರಿ ನಿಲ್ಲುವುದನ್ನು ಕಂಡು, ಜ್ಯಾಕಿನ ಗೊಡವೆಯೇ ಬೇಡವೆಂದು ಕೆಳಗೆ ನುಸುಳುವ ಆಸೆ ಯಾರಿಗಾದರೂ ಬರಬಹುದು. ಹಾಗೆ ಮಾಡುವುದು ಪ್ರಾಣಕ್ಕೆ ಅಪಾಯ. ಒಂದು ಕೊಳವೆ ಬಿರಿದರೆ ಸಾವಿರ ಕಿಲೋಗೂ ಹೆಚ್ಚಿನ ಭಾರ ಒಮ್ಮೆಲೆ ನೆಲಕ್ಕೆ ಕುಸಿಯುತ್ತದೆ. ಉಕ್ಕಿನ ಸ್ಟ್ಯಾಂಡುಗಳನ್ನು ಗಟ್ಟಿ ನೆಲದ ಮೇಲೆ, ಕಂಪನಿಯು ಸೂಚಿಸಿದ ಜಾಗಗಳಿಗೇ ಕೊಟ್ಟು, ಅನಂತರ ಕೆಳಗೆ ಹೋಗಬೇಕು. ಇಟ್ಟಿಗೆಯ ರಾಶಿ, ಸೈಜುಗಲ್ಲು, ಮರದ ಕೊರಡು ಇವು ಸ್ಟ್ಯಾಂಡುಗಳಲ್ಲ. ಗೋಳವನ್ನು ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ನಿಯಂತ್ರಕದ ತಿರುಪನ್ನು ಸಡಿಲಿಸಿ ಒತ್ತಡವನ್ನು ಪೂರ್ತಿ ಇಳಿಸಬೇಕು. ಬ್ರೇಕುಗಳೂ ಇದೇ ಎಣ್ಣೆಯಿಂದ ನಡೆಯುವುದರಿಂದ, ಕೆಂಪು ದೀಪ ಹತ್ತಿದ ಕಾರನ್ನು ಓಡಿಸಲೇಬಾರದು.

ಹಳೆಯ ಕಾರನ್ನು ಮನೆಯಲ್ಲಿ ನೋಡಿಕೊಳ್ಳುವುದು ಕೇವಲ ಹಣ ಉಳಿಸುವ ಉಪಾಯವಲ್ಲ. ಕಂಪನಿಯು ಮಾಡುವುದನ್ನು ನಿಲ್ಲಿಸಿದ ಯಂತ್ರದ ಅರಿವು ಅದನ್ನು ಬಳಸುವವರ ಕೈಯಲ್ಲಿ ಮಾತ್ರ ಉಳಿಯುತ್ತದೆ. ಆದುದರಿಂದ ಎಣ್ಣೆ ಬದಲಾಯಿಸಿದ ದಿನ, ಗೋಳ ಹಾಕಿದ ವರ್ಷ, ಕೇಳಿಬಂದ ಸದ್ದು ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಂದೆ ತಾತಂದಿರು ಮನೆಯಲ್ಲಿದ್ದರೆ, ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿರಿ. ಸ್ಪ್ಯಾನರು ಹಿಡಿಯುವುದನ್ನು ಅವರು ಕಲಿಸುವರು. ಯಾವಾಗ ಅದನ್ನು ಕೆಳಗಿಟ್ಟು ಬಲ್ಲವರನ್ನು ಕರೆಯಬೇಕೆಂಬುದನ್ನೂ ಕಲಿಸುವರು. ಈ ಎರಡನೆಯ ಪಾಠ ಅಂಬಾಸಿಡರಿಗೂ, ಸ್ಕೂಟರಿಗೂ, ತೋಟದ ಪಂಪುಸೆಟ್ಟಿಗೂ ಸಲ್ಲುತ್ತದೆ.