ನೀರಿಗಿಂತ ಮೊದಲು ಬೇರು

ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಗ್ಲಾಸೊಸ್ಟಿಗ್ಮ ಎಂಬ ಪುಟ್ಟ ಗಿಡವನ್ನು ಗಾಜಿನ ತೊಟ್ಟಿಯ ನೆಲದ ಮೇಲೆ ಹಸುರು ಜಮಖಾನೆಯಂತೆ ಹಬ್ಬಿಸಿ ತೆಗೆದ ಚಿತ್ರಗಳನ್ನು ಕಂಡವರು ಅಂಥದೊಂದು ತೊಟ್ಟಿ ತಮ್ಮ ಮನೆಯಲ್ಲಿಯೂ ಇರಲೆಂದು ಬಯಸುವುದು ಸಹಜ. ಬಯಸಿದವರಲ್ಲಿ ಅನೇಕರಿಗೆ ಆಗುವ ಅನುಭವವೂ ಒಂದೇ. ಸಂಜೆ ಮರಳಿನಲ್ಲಿ ನೆಟ್ಟ ಸಸಿಗಳು ಬೆಳಗಾಗುವುದರೊಳಗೆ ನೀರಿನ ಮೇಲೆ ತೇಲುತ್ತಿರುತ್ತವೆ. ಉಳಿದವು ಕೆಲವು ವಾರಗಳಲ್ಲಿ ಹಳದಿಯಾಗಿ ಕೊಳೆಯುತ್ತವೆ. ಆಗ ಅಂಗಡಿಯವರು ಇಂಗಾಲದ ಡೈಆಕ್ಸೈಡಿನ ಸಿಲಿಂಡರನ್ನು ಕೊಳ್ಳುವಂತೆ ಹೇಳುತ್ತಾರೆ. ಕೈಖರ್ಚಿನ ಹಣವನ್ನು ಉಳಿಸಿ ತೊಟ್ಟಿ ಕೊಂಡ ವಿದ್ಯಾರ್ಥಿ ಅಲ್ಲಿಗೆ ಆಸೆಯನ್ನೇ ಬಿಡುತ್ತಾನೆ. ಅಂಗಡಿಯವರ ಸಲಹೆ ಸುಳ್ಳಲ್ಲ. ಅದು ಬರಬೇಕಾದ ಸರದಿಗಿಂತ ಮುಂಚೆ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ನೆಲಹಾಸಿಗೆ ಬಳಸುವ ಗಿಡಗಳಲ್ಲಿ ಹೆಚ್ಚಿನವು ಜೌಗು ನೆಲದ ವಾಸಿಗಳು. ಕೆರೆಯಂಚಿನ ಕೆಸರಿನಲ್ಲಿ, ಎಲೆಯನ್ನು ಗಾಳಿಗೊಡ್ಡಿ ಬೆಳೆಯುವುದು ಅವುಗಳ ರೂಢಿ. ಮುಳುಗಿಯೂ ಬದುಕಬಲ್ಲವು, ಅಷ್ಟೆ. ಅವನ್ನು ಮೊದಲ ದಿನವೇ ಮುಳುಗಿಸುವುದರಿಂದ ಏನಾಗುತ್ತದೆಂಬುದನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ.

ಒಂದು ಲೀಟರು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು ಮುಕ್ಕಾಲು ಮಿಲಿಗ್ರಾಂ ಇದೆ. ಗಾಳಿಗೆ ತೆರೆದಿಟ್ಟ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರಿನಲ್ಲಿ ಸುಮಾರು 0.6 ಮಿಲಿಗ್ರಾಂ. ವ್ಯತ್ಯಾಸ ಅಲ್ಪವೇ! ಹಾಗಾದರೆ ನೀರಿನಲ್ಲಿ ಗಿಡ ಹಸಿದಿರುವುದೇಕೆ? ಅನಿಲದ ವಿಸರಣೆ ಗಾಳಿಯಲ್ಲಿರುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಎಲೆಯನ್ನು ಅಪ್ಪಿಕೊಂಡಿರುವ ನಿಶ್ಚಲವಾದ ನೀರಿನ ಪೊರೆಯಲ್ಲಿದ್ದ ಅನಿಲವನ್ನು ಗಿಡ ಹೀರಿದೊಡನೆ ಹೊಸದು ಬಂದು ಸೇರಲು ತಡವಾಗುತ್ತದೆ. ಉಗ್ರಾಣ ತುಂಬಿದೆ, ದಾರಿ ಮಾತ್ರ ಇಕ್ಕಟ್ಟು. ಸಿಲಿಂಡರು ಮಾಡುವ ಕೆಲಸವೆಂದರೆ ಲೀಟರಿಗೆ 30 ಮಿಲಿಗ್ರಾಂನಷ್ಟು ಅನಿಲವನ್ನು ತುಂಬಿ ಆ ಇಕ್ಕಟ್ಟನ್ನು ಬಲವಂತವಾಗಿ ದಾಟಿಸುವುದು.

ಇನ್ನು ತೇಲುವ ವಿಚಾರ. ಎಲೆ ಕಾಂಡಗಳಲ್ಲಿ ಗಾಳಿಯ ಪೊಳ್ಳುಗಳಿರುವುದರಿಂದ ಸಸಿ ನೀರಿಗಿಂತ ಹಗುರ. ಮರಳಿನ ಸಾಂದ್ರತೆಯಾದರೋ ನೀರಿನ 2.65ರಷ್ಟು, ಆರ್ಕಿಮಿಡೀಸನ ತತ್ತ್ವದಂತೆ ಮುಳುಗಿದ ಮರಳು ತನ್ನ ತೂಕದಲ್ಲಿ ಶೇಕಡ 38ರಷ್ಟನ್ನು ಕಳೆದುಕೊಳ್ಳುತ್ತದೆ. ಹಿಡಿಯುವ ಕೈ ಸಡಿಲವಾದ ಗಳಿಗೆಯಲ್ಲಿಯೇ ಎತ್ತುವ ಬಲ ಹುಟ್ಟುತ್ತದೆ. ಬೇರಿಲ್ಲದ ಸಸಿ ಮೇಲೇಳದೆ ಇನ್ನೇನು ಮಾಡೀತು?

ಆದ್ದರಿಂದ ಮೊದಲು ನೀರು ತುಂಬಬಾರದು. ತೊಟ್ಟಿಯಲ್ಲಿ ನಾಲ್ಕೈದು ಸೆಂಟಿಮೀಟರು ದಪ್ಪಕ್ಕೆ ಸಣ್ಣ ಹರಳಿನ ಸಾರವತ್ತಾದ ಮಣ್ಣನ್ನು ಹರಡಿ, ಅದು ತೋಯುವಷ್ಟು ಮಾತ್ರ ನೀರು ಹಾಕಬೇಕು. ಮಣ್ಣಿನ ಮೇಲೆ ನೀರು ನಿಲ್ಲಕೂಡದು. ಗಿಡವನ್ನು ಚಿಕ್ಕ ಚಿಕ್ಕ ಕುಚ್ಚುಗಳಾಗಿ ಬಿಡಿಸಿ, ಚಿಮುಟದಿಂದ ಎರಡು ಮೂರು ಸೆಂಟಿಮೀಟರಿಗೊಂದರಂತೆ ನೆಡಬೇಕು. ತೊಟ್ಟಿಯ ಬಾಯನ್ನು ಗಾಜಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ದೀಪ ಉರಿಸಬೇಕು. ಬೂಷ್ಟು ಹಿಡಿಯದಂತೆ ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸುವುದನ್ನು ಮರೆಯಬಾರದು. ಹೀಗೆ ನಾಲ್ಕರಿಂದ ಎಂಟು ವಾರ. ನಾಟಿಯಾದ ಗದ್ದೆಯಲ್ಲಿ ಪೈರು ಬೇರೂರುವ ತನಕ ನೀರನ್ನು ತೆಳುವಾಗಿ ನಿಲ್ಲಿಸುವ ನಮ್ಮ ರೈತರಿಗೆ ಈ ವಿವೇಕ ಹೊಸದಲ್ಲ. ಸಸಿಗಳು ಒಂದನ್ನೊಂದು ಕೂಡಿಕೊಂಡ ಮೇಲೆ, ಒಂದು ತಟ್ಟೆಯನ್ನಿಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿಯಬೇಕು.

ಇದರಿಂದ ಸಿಲಿಂಡರಿನ ಅಗತ್ಯವೇ ತೀರಿತೆಂದು ನಾವು ಹೇಳುವುದಿಲ್ಲ. ಗಾಳಿಯಲ್ಲಿ ಬೆಳೆದ ಎಲೆಗಳಲ್ಲಿ ಕೆಲವು ಮುಳುಗಿದ ಮೇಲೆ ಉದುರಿ, ನೀರಿಗೊಪ್ಪುವ ಹೊಸ ಎಲೆಗಳು ಬರಬೇಕು. ಆಗ ಅನಿಲ ನೆರವಾಗುತ್ತದೆ. ಕ್ಯೂಬಾ ದೇಶದ ಹೆಮಿಯಾಂತಸ್‌ನಂಥ ನವುರಾದ ಗಿಡವನ್ನು ಅನಿಲವಿಲ್ಲದೆ ಸಾಕಲು ಹೊರಡುವುದನ್ನು ನಾವು ಒಪ್ಪುವುದಿಲ್ಲ. ಹಣವಿಲ್ಲದವರು ಮಾರ್ಸಿಲಿಯ ಕುಲದ ಗಿಡ್ಡ ಜಾತಿಯನ್ನೋ, ಶ್ರೀಲಂಕಾದ ಕ್ರಿಪ್ಟೊಕೊರೈನ್ ಪಾರ್ವವನ್ನೋ ಆರಿಸಿಕೊಳ್ಳಲಿ. ಮಾರ್ಸಿಲಿಯದ ನಾಲ್ಕೆಲೆಯ ನಂಟರು ನಮ್ಮ ಗದ್ದೆಗಳಲ್ಲಿಯೂ ಇವೆ. ಇವು ಹರಡಲು ತಿಂಗಳುಗಳೇ ಹಿಡಿಯುತ್ತವೆ. ಅವಸರಪಟ್ಟು ದೀಪವನ್ನು ಪ್ರಖರಗೊಳಿಸಿದರೆ ಬೆಳೆಯುವುದು ಗಿಡವಲ್ಲ, ಪಾಚಿ. ಅದಕ್ಕೆ ಬದಲು ಪಂಪಿನಿಂದ ನೀರನ್ನು ಮೆಲ್ಲಗೆ ಆಡಿಸಿದರೆ ಎಲೆಯ ಸುತ್ತಣ ಪೊರೆ ತೆಳುವಾಗಿ, ಖರ್ಚಿಲ್ಲದೆ ದಾರಿ ಅಗಲವಾಗುತ್ತದೆ.

ಸಿಲಿಂಡರನ್ನು ಕೊಂಡವರು ರಾತ್ರಿ ಅದನ್ನು ನಿಲ್ಲಿಸಬೇಕು. ಕತ್ತಲಲ್ಲಿ ಗಿಡ ಆ ಅನಿಲವನ್ನು ಬಳಸುವುದಿಲ್ಲ, ತಾನೂ ಬಿಡುತ್ತದೆ. ಮಿತಿಮೀರಿದರೆ ಉಸಿರುಕಟ್ಟಿ ಸಾಯುವುದು ಮೀನು. ನೀರು ತುಂಬಿದ ದಿನವೇ ಮೀನನ್ನು ಬಿಡುವುದೂ ಬೇಡ. ಹೊಸ ಮಣ್ಣಿನಿಂದ ಅಮೋನಿಯ ಹೊರಬರುವುದುಂಟು. ನೀರನ್ನು ಪರೀಕ್ಷಿಸಿ, ಅಮೋನಿಯವೂ ನೈಟ್ರೈಟೂ ಇಲ್ಲವೆಂದು ಕಂಡ ಮೇಲೆ ಒಂದೆರಡು ಮೀನುಗಳಿಂದ ಆರಂಭಿಸಬಹುದು.